ಅಪ್‌ಡೇಟ್: ಕೊನೆಗೂ ಹಂಟರ್ ಮನೆಗೆ ಬಂತು

ಮೊದಲ ಬೈಕಿಗೆ ಏರ್ ಕೂಲ್ಡ್ (ಗಾಳಿಯಿಂದ ಎಂಜಿನ್ ತಣ್ಣಗಾಗೋ) ರಾಯಲ್ ಎನ್‌ಫೀಲ್ಡ್ ಹಂಟರ್ 350 ತಗೊಳ್ಳಲಾ, ಲಿಕ್ವಿಡ್ ಕೂಲ್ಡ್ (ದ್ರವದಿಂದ ತಣ್ಣಗಾಗೋ) ಯಮಹಾ ಎಂಟಿ-15 ತಗೊಳ್ಳಲಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಹಂಟರ್ ತಗೊಂಡೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎರಡನ್ನೂ ಓಡಿಸಿ ನೋಡಿದೆ. ತಮಾಷೆ ಅಂದ್ರೆ, 349 ಸಿಸಿಯ ಹಂಟರ್ 20ರ ಆಸುಪಾಸು ಪಿಎಸ್ (ಅಂದ್ರೆ ಎಂಜಿನ್ ಶಕ್ತಿಯ ಅಳತೆ) ಕೊಟ್ಟರೆ, 155 ಸಿಸಿಯ ಎಂಟಿ 18.4 ಕೊಡುತ್ತೆ! ಕೂಲಂಟ್ ಅನ್ನೋ ಆ ದ್ರವ ಬಿಸಿಯನ್ನ ಹೊತ್ತೊಯ್ಯೋದ್ರಿಂದ ಆ ಪುಟ್ಟ ಎಂಜಿನ್ ಹತ್ತು ಸಾವಿರ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಕಿರುಚಿದರೂ ತಡೆಯುತ್ತೆ. ಆದ್ರೆ ಕ್ಲಚ್ಚೇ ನೆಟ್ಟಗೆ ಬಿಡೋಕೆ ಬರದ ನನಗೆ ಅಷ್ಟು ಆರ್‌ಪಿಎಂ ಯಾಕೆ? ಹಂಟರ್ ನಿಧಾನಕ್ಕೆ ಹೋದರೂ ಎಳೆಯುತ್ತೆ, ಸಿಗ್ನಲ್‌ನಲ್ಲಿ ಆಫ್ ಆಗೋದು ಕಮ್ಮಿ. ತೂಕ ಮಾತ್ರ 181 ಕೆಜಿ, ಎಂಟಿಗಿಂತ ಸುಮಾರು 40 ಜಾಸ್ತಿ. ಬೇಸ್‌ಮೆಂಟಿನಲ್ಲಿ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತೆ.

ಏರ್ ಕೂಲ್ಡ್ ಬೈಕು ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತೆ ಅಂತ ನಿಮ್ಮಲ್ಲಿ ಕೆಲವರು ಹೆದರಿಸಿದ್ರಲ್ಲ, ಅದು ನಿಜ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಜಾಮ್‌ನಲ್ಲಿ ಇಪ್ಪತ್ತು ನಿಮಿಷ ನಿಂತಾಗ ಬಲಗಾಲಿನ ಮೀನಖಂಡಕ್ಕೆ ಇಸ್ತ್ರಿಪೆಟ್ಟಿಗೆ ಹಿಡಿದ ಹಾಗಾಯ್ತು. ಪಕ್ಕದಲ್ಲಿದ್ದ ಗೆಳೆಯನ ಎಂಟಿ ಏನು ಕಮ್ಮಿಯಿಲ್ಲ, ಫ್ಯಾನ್ ಗುಂಯ್ ಅಂತ ತಿರುಗಿ ಬಿಸಿಗಾಳಿಯೆಲ್ಲ ಅವನ ಮೊಣಕಾಲಿಗೆ.

ಮೀಟರ್ 412 ಕಿಮೀ ತೋರಿಸ್ತಿದೆ. ಭಾನುವಾರ 500 ಕಿಮೀಯ ಮೊದಲ ಸರ್ವಿಸ್.