ಮಗಳಿಗೆ ಬಿಸಿನೆಸ್ಸೂ ಬೇಕಂತೆ, ಮೀಡಿಯಾನೂ ಬೇಕಂತೆ. ಎರಡೂ ಸೇರಿದ ಡಿಗ್ರಿ ಮುಂಬಯಿಯಲ್ಲಿ ಇದೆಯಾ?

ಹನ್ನೊಂದು ಟೇಬಲ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ. ಹನ್ನೊಂದು ಟೇಬಲ್, ಹೆಚ್ಚಿನ ಗಿರಾಕಿಗಳು ಕಾರ್ಖಾನೆಯವರು. ಊರು ಕುಂದಾಪುರದ ಹತ್ತಿರ, ಮನೆ ಡೊಂಬಿವಲಿ ಈಸ್ಟ್. ನಾನು ಎಸ್ಸೆಸ್ಸಿ ಮುಗಿಸಿದ್ದು ಫೋರ್ಟಿನ ರಾತ್ರಿ ಶಾಲೆಯಲ್ಲಿ, ಹಗಲು ಟೇಬಲ್ ಒರೆಸಿಕೊಂಡು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಟೀ ಕೊಡೋಕೆ ಮಾತ್ರ. ಹಾಗಾಗಿ ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಬೇಜಾರು ಮಾಡಬೇಡಿ.

ಮಗಳು ಈ ಸಲ ಹನ್ನೆರಡನೆಯದು ಮುಗಿಸಿದಳು. ಕಾಮರ್ಸ್, 74 ಪರ್ಸೆಂಟ್. ಬಿಕಾಂ ಮಾಡಲಿ, ಗಲ್ಲಾದ ಲೆಕ್ಕ ನೋಡಿಕೊಳ್ಳಲಿ ಅಂತ ನನ್ನ ಆಸೆ. ಅವಳಿಗೆ ಜಾಹೀರಾತು, ಬರವಣಿಗೆ, ವಿಡಿಯೋ. ಕೇಳಿದರೆ "ಅಪ್ಪ, ಎರಡೂ ಓದ್ತೀನಿ" ಅನ್ನುತ್ತಾಳೆ. ನನ್ನ ತಮ್ಮನ ಹೆಂಡತಿಯ ಅಕ್ಕನ ಮಗಳು ಆಸ್ಟ್ರೇಲಿಯಾದಲ್ಲಿ ಹಾಗೇ ಓದುತ್ತಿದ್ದಾಳೆ. ನಾಲ್ಕು ವರ್ಷ ಓದಿದರೆ ಕೈಗೆ ಎರಡು ಡಿಗ್ರಿ, ಒಂದು ಬಿಸಿನೆಸ್ಸಿನದು, ಒಂದು ಕಮ್ಯುನಿಕೇಶನ್ನಿನದು. ಅದು ಕಿವಿಗೆ ಬಿದ್ದ ಮೇಲೆ ಇವಳ ಹಟ ಇನ್ನೂ ಜಾಸ್ತಿಯಾಗಿದೆ.

ಸುಮ್ನೆ ಶೋಕಿಗೆ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ. ಪರೀಕ್ಷೆ ಮುಗಿದ ಮೇಲೆ ಹೋಟೆಲಿಗೆ ಬಂದು ಕೂರತೊಡಗಿದಳು. ನೀರ್ ದೋಸೆ, ಎರಡು ಬನ್ಸ್, ಕಾಯಿ ಚಟ್ನಿ ಸೇರಿಸಿ 99 ರೂಪಾಯಿಗೆ ಒಂದು ಕಾಂಬೋ ಮಾಡಿದಳು. ಬಾಳೆಲೆ ಮೇಲೆ ದೋಸೆ ಇಟ್ಟು, ಕಿಟಕಿ ಪಕ್ಕ ಸ್ಟೂಲ್ ಹತ್ತಿ ಫೋಟೋ ತೆಗೆದಳು. ದೋಸೆಯ ಮಡಿಕೆ ಒಳಗಿಂದ ಬೆಳಕು ಕಾಣಬೇಕಂತೆ. ಅದಕ್ಕೆ ಆರು ದೋಸೆ ಹಾಳು. ಕೆಳಗೆ "ಅಜ್ಜಿ ಇಲ್ಲದ ಊರಲ್ಲಿ ಅಜ್ಜಿಯ ತಿಂಡಿ" ಅಂತ ಬರೆದಳು. ಮರಾಠಿಯಲ್ಲೂ ಅದನ್ನೇ ಬರೆದಳು. ಒಂದೇ ವಾರಕ್ಕೆ ಆ್ಯಪಿನಲ್ಲಿ 140 ಪಾರ್ಸೆಲ್ ಹೋಯಿತು. ಹೋಟೆಲ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು, ಹೀಗೆ ಆಗಿರಲಿಲ್ಲ.

ಭಾನುವಾರ ರಾತ್ರಿ ಲೆಕ್ಕ ಹಾಕಿದೆ. ಸಾಮಾನು 38. ಗ್ಯಾಸು 8, ಹುಡುಗರ ಸಂಬಳ 22. ಡಬ್ಬ 9. ಆ್ಯಪಿನವರ ಕಮಿಷನ್ 27. ಒಟ್ಟು 104. ಒಂದೊಂದು ಪಾರ್ಸೆಲ್ಲಿಗೂ ಐದು ರೂಪಾಯಿ ನಾನೇ ಕೈಯಿಂದ ಹಾಕಿ ಕಳಿಸಿದ್ದೆ. ವಾರಕ್ಕೆ 700 ಹೋಯಿತು. ಚೀಟಿಯನ್ನು ಅವಳ ಮುಂದೆ ಇಟ್ಟೆ. ತುಂಬ ಹೊತ್ತು ನೋಡಿದಳು. ಆಮೇಲೆ "ಇದನ್ನ ಯಾವ ಕೋರ್ಸಲ್ಲಿ ಹೇಳಿಕೊಡ್ತಾರೆ?" ಅಂತ ಕೇಳಿದಳು.

ನನ್ನ ಪ್ರಶ್ನೆಯೂ ಅದೇ. ಮೂರು ಕಾಲೇಜಿನ ಕೌಂಟರಿನಲ್ಲಿ ವಿಚಾರಿಸಿದೆ. ಮ್ಯಾನೇಜ್‌ಮೆಂಟಿಗೆ ಬಿಎಂಎಸ್ ಅಂತಾರೆ, ಮೀಡಿಯಾಕ್ಕೆ ಬಿಎಎಂಎಂಸಿ ಅಂತಾರೆ, ಬಿಕಾಂ ಬ್ರಾಕೆಟ್ಟಿನಲ್ಲಿ ಮ್ಯಾನೇಜ್‌ಮೆಂಟ್ ಸ್ಟಡೀಸ್ ಅಂತಾರೆ. ಒಬ್ಬರು ಸಿಇಟಿ ಬೇಕು ಅಂದರು, ಇನ್ನೊಬ್ಬರು ಬೇಡ ಅಂದರು. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಘಾಟ್‌ಕೋಪರ್ ಲೆಕ್ಕದವ:

ಮಾರಾಯ್ರೆ, ಬಿಕಾಂಗೆ ಹಾಕಿ. ಲೆಕ್ಕ ಕಲಿತವರು ಮಾತನ್ನು ಆಮೇಲೂ ಕಲಿಯುತ್ತಾರೆ. ಮಾತು ಕಲಿತವರು ಆಮೇಲೆ ಲೆಕ್ಕಕ್ಕೆ ಕೂತದ್ದನ್ನು ನಾನಂತೂ ನೋಡಿಲ್ಲ. ಇಪ್ಪತ್ತು ವರ್ಷದಿಂದ ಜನರ ರಿಟರ್ನ್ ತುಂಬುತ್ತಿದ್ದೇನೆ.

ಆದರೆ ನಿಮ್ಮ ಚೀಟಿಯಲ್ಲಿ ಒಂದು ತಪ್ಪಿದೆ. ಹುಡುಗರ ಸಂಬಳ 22 ಅಂತ ಹಾಕಿದ್ದೀರಿ. ಪಾರ್ಸೆಲ್ ಹೋಗಲಿ, ಬಿಡಲಿ, ಸಂಬಳ ಕೊಡಲೇಬೇಕಲ್ಲ? ಆ ಕಾಂಬೋದಿಂದ ಹೊಸದಾಗಿ ಆದ ಖರ್ಚು ಸಾಮಾನು, ಗ್ಯಾಸು, ಡಬ್ಬ, ಕಮಿಷನ್ ಮಾತ್ರ. 82 ರೂಪಾಯಿ. ಅಂದರೆ ಪಾರ್ಸೆಲ್ಲಿಗೆ 17 ಉಳಿದಿದೆ, ವಾರಕ್ಕೆ 2,380. ನಮ್ಮಲ್ಲಿ ಇದಕ್ಕೆ ಮಾರ್ಜಿನಲ್ ಕಾಸ್ಟಿಂಗ್ ಅನ್ನುತ್ತೇವೆ. ಮಗಳನ್ನು ಬೈದಿದ್ದರೆ ವಾಪಸ್ ತಗೊಳ್ಳಿ.

ಲೋವರ್ ಪರೇಲ್:

ಅಣ್ಣ, ಮೇಲಿನವರ ಲೆಕ್ಕ ಸರಿಯೇ. ಆದರೆ ಪಾರ್ಸೆಲ್ ಕಟ್ಟೋಕೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಂಡ ದಿನ ಆ ಸಂಬಳ ಮತ್ತೆ ಲೆಕ್ಕಕ್ಕೆ ಬರುತ್ತದೆ. ನೋಡಿ, ಇಲ್ಲಿ ದೊಡ್ಡವರಿಬ್ಬರಿಗೇ ಒಂದು ಚೀಟಿ ಬಗ್ಗೆ ಒಮ್ಮತ ಇಲ್ಲ. ಹನ್ನೆರಡನೆಯದು ಮುಗಿಸಿದ ಹುಡುಗಿಗೆ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ.

ನನ್ನ ಕಥೆ ಹೇಳುತ್ತೇನೆ. ನಾನು ಮುಲುಂಡಿನಲ್ಲಿ ಬೆಳೆದವಳು. 2012ರಲ್ಲಿ ಬಿಎಂಎಂ, ಅಂದರೆ ಮೀಡಿಯಾ ಡಿಗ್ರಿ, ಮುಗಿಸಿದೆ. ಈಗಿನ ಬಿಎಎಂಎಂಸಿ ಅದೇ ಕೋರ್ಸು, ಮುಂಬಯಿ ವಿಶ್ವವಿದ್ಯಾಲಯ 2019ರಲ್ಲಿ ಹೆಸರು ಬದಲಿಸಿತು. ಕೊನೆಯ ವರ್ಷ ನಾನು ಜರ್ನಲಿಸಂ ಬಿಟ್ಟು ಜಾಹೀರಾತು ತಗೊಂಡೆ. ಕಾಪಿರೈಟಿಂಗ್, ಬ್ರ್ಯಾಂಡ್ ಬಿಲ್ಡಿಂಗ್, ಮೀಡಿಯಾ ಪ್ಲ್ಯಾನಿಂಗ್, ಏಜೆನ್ಸಿ ಮ್ಯಾನೇಜ್‌ಮೆಂಟ್ ಎಲ್ಲ ಇತ್ತು. ಹಣಕಾಸಿನ ಪೇಪರೂ ಇತ್ತು. ಪಾಸಾಗುವಷ್ಟು ಓದಿ, ರಿಸಲ್ಟ್ ಬಂದ ದಿನವೇ ಮರೆತೆ.

ಅದಕ್ಕೆ ದಂಡ ಕಟ್ಟಿದ್ದು ಮೊದಲ ಕೆಲಸದಲ್ಲಿ. ಒಂದು ಪಿಆರ್ ಏಜೆನ್ಸಿ. ಕ್ಲೈಂಟ್ ಷೇರುಪೇಟೆಯಲ್ಲಿದ್ದ ಕಂಪನಿ, ಮೂರು ತಿಂಗಳ ಫಲಿತಾಂಶಕ್ಕೆ ಪ್ರೆಸ್ ನೋಟ್ ಬರೆಯಬೇಕಿತ್ತು. ನಾನು ತಲೆಬರಹದಲ್ಲಿ "ಲಾಭ 18 ಪರ್ಸೆಂಟ್ ಏರಿಕೆ" ಅಂತ ಹಾಕಿದೆ. ಏರಿದ್ದು ಆದಾಯ. ಲಾಭ ಇಳಿದಿತ್ತು. ರಾತ್ರಿ ಎಂಟೂಮುಕ್ಕಾಲಿಗೆ ಕ್ಲೈಂಟಿನ ಫೈನಾನ್ಸ್ ವಿಭಾಗದಿಂದ ಫೋನ್ ಬಂತು. "ಮೇಡಂ, ನೀವು ಮೂರನೇ ಸಾಲು ಓದಿ ನಿಲ್ಲಿಸಿದ್ದೀರಿ, ಕೆಳಗೆ ಇನ್ನೂ ಒಂಬತ್ತು ಸಾಲು ಇದೆ" ಅಂದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ಪೇಪರಿನವರಿಗೆ ಹೋಗುವ ಮೊದಲೇ ಸಿಕ್ಕಿಬಿತ್ತು, ಪುಣ್ಯ. ಆಮೇಲೆ ಒಂದು ವರ್ಷ ಶನಿವಾರ, ಭಾನುವಾರ ಕೂತು ಬ್ಯಾಲೆನ್ಸ್ ಶೀಟ್ ಓದೋದು ಕಲಿತೆ. ಈಗ ಅದರಿಂದಲೇ ನನ್ನ ಅನ್ನ. ಏಜೆನ್ಸಿಯಲ್ಲಿ ಚೆನ್ನಾಗಿ ಬರೆಯುವವರು ಹತ್ತು ಜನ ಸಿಗುತ್ತಾರೆ. ಬರೆಯುವುದರ ಜೊತೆಗೆ "ಇದಕ್ಕೆ ಎಷ್ಟು ಬೀಳುತ್ತೆ, ಎಷ್ಟು ಬರುತ್ತೆ" ಅಂತ ಹೇಳುವವರು ಒಬ್ಬಿಬ್ಬರು. ಮೀಡಿಯಾ ಪ್ಲ್ಯಾನಿಂಗ್ ಅಂದರೂ ಕೊನೆಗೆ ಗುಣಾಕಾರವೇ. ಸಾವಿರ ಸಲ ತೋರಿಸೋಕೆ 120 ರೂಪಾಯಿ ಅಂದರೆ ಹತ್ತು ಲಕ್ಷ ಸಲಕ್ಕೆ 1,20,000. ಅಷ್ಟು ಕೊಟ್ಟು ಎಷ್ಟು ಬನ್ಸ್ ಮಾರಿದರೆ ಅಸಲು ಬರುತ್ತೆ ಅಂತ ನಿಮ್ಮ ಮಗಳು ಕೇಳಬಲ್ಲಳು. ಅವಳು ಆಗಲೇ ಕೇಳಿಬಿಟ್ಟಿದ್ದಾಳೆ ಅಲ್ವಾ?

ಈಗ ಡಿಗ್ರಿ ವಿಷಯ. ಆಸ್ಟ್ರೇಲಿಯಾದ ಹಾಗೆ ಒಂದೇ ಅಡ್ಮಿಷನ್ನಿನಲ್ಲಿ ಎರಡು ಸರ್ಟಿಫಿಕೇಟ್ ಕೊಡೋದು ಇಲ್ಲಿನ ಸಾಮಾನ್ಯ ಕಾಲೇಜುಗಳ ರೂಢಿ ಅಲ್ಲ. ಆದರೆ ಹೊಸ ಶಿಕ್ಷಣ ನೀತಿ ಬಂದ ಮೇಲೆ ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗಿನ ಚಿಕ್ಕ ವಿಷಯ) ಅಂತ ಬಂದಿದೆ. ಮಹಾರಾಷ್ಟ್ರದಲ್ಲಿ ಮೂರು ವರ್ಷಕ್ಕೆ 132 ಕ್ರೆಡಿಟ್ (ಎಷ್ಟು ಓದಿದೆವು ಅಂತ ಅಳೆಯುವ ಲೆಕ್ಕ), ನಾಲ್ಕನೇ ವರ್ಷವೂ ಓದಿ ಆನರ್ಸ್ ಮಾಡಿದರೆ 176. ಅದರಲ್ಲಿ ಮೈನರಿಗೆ ಹದಿನೆಂಟು ಇಪ್ಪತ್ತು. ಮೈನರ್ ಬೇರೆ ಫ್ಯಾಕಲ್ಟಿಯದೂ, ಅಂದರೆ ಆರ್ಟ್ಸ್, ಕಾಮರ್ಸ್ ತರದ ಬೇರೆ ವಿಭಾಗದ್ದೂ, ಆಗಬಹುದು. ಓಪನ್ ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ಪೇಪರ್) ಅಂತೂ ಬೇರೆ ಫ್ಯಾಕಲ್ಟಿಯದ್ದೇ ಆಗಬೇಕು. ಅಂದರೆ ಕಾಮರ್ಸ್ ಮೇಜರ್ ಇಟ್ಟುಕೊಂಡು ಮೀಡಿಯಾವನ್ನು ಮೈನರ್ ಮಾಡಿಕೊಳ್ಳೋಕೆ ನಿಯಮದಲ್ಲಿ ಅಡ್ಡಿ ಇಲ್ಲ.

ಅಡ್ಡಿ ಬರೋದು ಕಾಲೇಜಿನಲ್ಲಿ. ನನ್ನ ಜೊತೆ ಕೆಲಸ ಮಾಡುವವಳ ತಂಗಿ ಹೀಗೇ ಮೀಡಿಯಾ ಮೈನರ್ ಅಂತ ಬರೆದುಕೊಟ್ಟಳು. ಹುಡುಗರು ಸಾಕಷ್ಟು ಬರಲಿಲ್ಲ ಅಂತ ಕಾಲೇಜಿನವರು ಎಲ್ಲರನ್ನೂ ಎಕನಾಮಿಕ್ಸಿಗೆ ತಳ್ಳಿದರು. ಬ್ರೋಷರಿನಲ್ಲಿ ಮಾತ್ರ ಮೀಡಿಯಾ ಇನ್ನೂ ಇದೆ. ಹಾಗಾಗಿ ಕೌಂಟರಿನಲ್ಲಿ ಕೋರ್ಸಿನ ಹೆಸರು ಕೇಳಬೇಡಿ. ಹೋದ ವರ್ಷದ ಟೈಮ್‌ಟೇಬಲ್ ತೋರಿಸಿ ಅನ್ನಿ. ಮೈನರ್ ಪಾಠ ಯಾರು ಮಾಡಿದರು, ಎಷ್ಟು ಜನ ಇದ್ದರು ಕೇಳಿ. ತೋರಿಸೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಸಿಇಟಿ ಗೊಂದಲ ಹೀಗೆ. 2024ರಲ್ಲಿ ಬಿಬಿಎ, ಬಿಎಂಎಸ್ ತರದ ಕೋರ್ಸುಗಳು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ ಕೆಳಗೆ ಬಂದವು, ರಾಜ್ಯದಲ್ಲಿ ಅವಕ್ಕೆ ಸಿಇಟಿ ಶುರುವಾಯಿತು. ಆಗ ಎಷ್ಟೋ ಕಾಲೇಜುಗಳು ಬಿಎಂಎಸ್ ಅನ್ನುವ ಹೆಸರು ಬಿಟ್ಟು ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್ ಅಂತ ಬೋರ್ಡ್ ಬದಲಿಸಿದವು. ಅದಕ್ಕೆ ಸಿಇಟಿ ಬೇಡ. ನಿಮಗೆ ಇಬ್ಬರೂ ನಿಜವೇ ಹೇಳಿದ್ದಾರೆ, ಬೇರೆ ಬೇರೆ ಕೋರ್ಸಿನ ಬಗ್ಗೆ.

ಎರಡು ಡಿಗ್ರಿ ಬೇಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ. 2022ರಿಂದ ಯುಜಿಸಿ ಒಟ್ಟಿಗೆ ಎರಡು ಡಿಗ್ರಿ ಓದಲು ಬಿಟ್ಟಿದೆ. ಎರಡನ್ನೂ ಕಾಲೇಜಿಗೆ ಹೋಗಿ ಓದುವುದಾದರೆ ತರಗತಿಯ ಸಮಯ ಒಂದರ ಮೇಲೊಂದು ಬೀಳಬಾರದು. ಇಲ್ಲವಾದರೆ ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ. ಆದರೆ ಡೊಂಬಿವಲಿಯಿಂದ ಲೋಕಲ್ ಹತ್ತಿ ಓಡಾಡುವ ಹುಡುಗಿಗೆ ಅದನ್ನು ನಾನು ಹೇಳಲಾರೆ.

ಮಾಟುಂಗಾ ಸೆಕೆಂಡ್ ಇಯರ್:

ಅಂಕಲ್, ನಾನು ಈಗ ಓದುತ್ತಿರುವುದೇ ಇದನ್ನು. ಮೇಜರ್ ಮ್ಯಾನೇಜ್‌ಮೆಂಟ್, ಮೈನರ್ ಜಾಹೀರಾತು. ನನ್ನ ಮೊದಲ ಲೆಕ್ಚರ್ ಬೆಳಿಗ್ಗೆ 7.10ಕ್ಕೆ. ಪಾಠ ಕಷ್ಟ ಇಲ್ಲ, ಸಬ್ಮಿಷನ್ ಕಷ್ಟ. ಎರಡೂ ಕಡೆಯವರು ತಮ್ಮದೊಂದೇ ವಿಷಯ ಇರೋದು ಅಂದುಕೊಂಡು ಒಂದೇ ವಾರಕ್ಕೆ ಇಡುತ್ತಾರೆ. ಹೋದ ಸೆಮಿಸ್ಟರಿನಲ್ಲಿ ಕಾಸ್ಟಿಂಗ್ ಟೆಸ್ಟಿನ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಒಂದು ಸೋಪಿನ ಪೋಸ್ಟರ್ ಮಾಡುತ್ತಿದ್ದೆ. ಗ್ರೂಪಿನಲ್ಲಿ ಐದು ಜನ, ಕೆಲಸ ಮಾಡಿದ್ದು ಇಬ್ಬರು.

ಆರನೇ ಸೆಮಿಸ್ಟರಿನಲ್ಲಿ ಆನ್ ಜಾಬ್ ಟ್ರೇನಿಂಗ್ ಇದೆ, 4 ಕ್ರೆಡಿಟ್. ಅದಕ್ಕೆ ಜಾಗ ಹುಡುಕೋದರಲ್ಲೇ ನಮ್ಮ ಸೀನಿಯರ್‌ಗಳು ಸುಸ್ತಾದರು. ನಿಮ್ಮ ಮಗಳಿಗೆ ಮನೆಯದ್ದೇ ಹೋಟೆಲ್ ಇದೆ, ಲಕ್ಕಿ. ಆ ಕಾಂಬೋದ ಫೋಟೋ, ಚೀಟಿ ಎರಡನ್ನೂ ಎತ್ತಿಟ್ಟುಕೊಳ್ಳೋಕೆ ಹೇಳಿ. ಇಂಟರ್ವ್ಯೂನಲ್ಲಿ ತೋರಿಸಬಹುದು.

ಪುಣೆ ವಿಮಾನ್ ನಗರ:

ಇನ್ನೊಂದು ದಾರಿ. ಮೊದಲು ಬಿಕಾಂ ಅಥವಾ ಬಿಎಂಎಸ್, ಆಮೇಲೆ ಕಮ್ಯುನಿಕೇಶನ್ನಿನಲ್ಲಿ ಎಂಬಿಎ ಅಥವಾ ಅದರಂಥ ಪಿಜಿ ಡಿಪ್ಲೊಮಾ. ಪುಣೆಯ ಲವಳೆಯಲ್ಲಿ ಸಿಂಬಯೋಸಿಸ್‌ನ ಎಸ್‌ಐಎಂಸಿ ಅನ್ನುವ ಸಂಸ್ಥೆ ಇದೆ, ಸೇರೋಕೆ ಸ್ನ್ಯಾಪ್ ಪರೀಕ್ಷೆ ಬರೆಯಬೇಕು. ಅಹಮದಾಬಾದಿನಲ್ಲಿ 1991ರಿಂದ ಮೈಕಾ ಅನ್ನುವ ಸಂಸ್ಥೆ ಇದೆ. ಬಿಸಿನೆಸ್ಸು, ಕಮ್ಯುನಿಕೇಶನ್ನು ಎರಡನ್ನೂ ನಿಜವಾಗಿ ಬೆರೆಸಿ ಕಲಿಸುವುದು ಇಂಥ ಕಡೆಯೇ. ಫೀಸು ಮಾತ್ರ ಹೋಟೆಲಿನ ಡೆಪಾಸಿಟ್ಟಿಗೆ ಕೈಹಾಕಿಸುತ್ತದೆ. ಮೂರು ವರ್ಷ ಟೈಮಿದೆ, ಈಗಲೇ ನಿರ್ಧರಿಸಬೇಕಿಲ್ಲ.

ಹನ್ನೊಂದು ಟೇಬಲ್:

ಎಲ್ಲರಿಗೂ ಧನ್ಯವಾದ. ಘಾಟ್‌ಕೋಪರಿನವರೇ, ಬೈದಿದ್ದೆ. ವಾಪಸ್ ತಗೊಂಡೆ. ಲೋವರ್ ಪರೇಲ್ ತಂಗಿ, ಇನ್ನೊಂದು ಕೇಳಲಾ? ಇವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಅವಳಮ್ಮ ಓದಿಸಿದ್ದು. ಈ ಲೈನಿನಲ್ಲಿ ಅದಕ್ಕೆ ಏನಾದರೂ ಬೆಲೆ ಇದೆಯಾ?

ಲೋವರ್ ಪರೇಲ್:

ಇದೆ ಅಣ್ಣ. ಮುಂಬಯಿಯಲ್ಲಿ ಹಿಂದಿಯಲ್ಲಿ ಹುಟ್ಟುವ ಜಾಹೀರಾತುಗಳು ಕನ್ನಡಕ್ಕೆ ಬರೋದು ಇಲ್ಲಿಂದಲೇ. ಹೇಗೆ ಬರುತ್ತವೆ ಅಂದರೆ, ಒಮ್ಮೆ ಮಿಕ್ಸಿಯ ಒಂದು ಸಾಲು ನನ್ನ ಹತ್ತಿರ ಚೆಕ್ ಮಾಡೋಕೆ ಬಂತು. ಹಿಂದಿಯಲ್ಲಿ "ದಾಮ್ ಕಮ್, ದಮ್ ಜ್ಯಾದಾ". ಕನ್ನಡದಲ್ಲಿ "ಬೆಲೆ ಕಡಿಮೆ, ಉಸಿರು ಹೆಚ್ಚು". ಉಬ್ಬಸದ ಮಿಕ್ಸಿ! "ರೇಟು ಕಮ್ಮಿ, ದಮ್ಮು ಜಾಸ್ತಿ" ಅಂತ ಬರೆದುಕೊಟ್ಟೆ, ಎರಡು ನಿಮಿಷದ ಕೆಲಸ. ಇಂಥದ್ದು ವಾರಕ್ಕೆ ಎರಡು ಮೂರು ಬರುತ್ತವೆ. "ಅಜ್ಜಿ ಇಲ್ಲದ ಊರಲ್ಲಿ" ಅಂತ ಬರೆದ ಕೈಗೆ ಕೆಲಸ ಸಿಗುತ್ತದೆ. ಬಿಲ್ ಮಾಡೋದನ್ನೂ ಕಲಿಸಿ, ಸುಮ್ನೆ ಮಾಡಿಕೊಡೋ ಅಭ್ಯಾಸ ಆಗಬಾರದು.

ಹನ್ನೊಂದು ಟೇಬಲ್:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಟೈಮ್‌ಟೇಬಲ್ ಕೇಳಿದ್ದಕ್ಕೆ ಮೊದಲ ಕಾಲೇಜಿನವರು "ವೆಬ್‌ಸೈಟ್ ನೋಡಿ" ಅಂದರು. ಎರಡನೆಯವರು ಮೇಡಂ ಒಬ್ಬರನ್ನು ಕರೆದರು. ಅವರು ಹೋದ ವರ್ಷದ ಹಾಜರಿ ಪುಸ್ತಕವನ್ನೇ ತಂದು ತೋರಿಸಿದರು, ಮೀಡಿಯಾ ಮೈನರಿನಲ್ಲಿ 31 ಜನ. ಅಲ್ಲಿಗೇ ಸೇರಿಸಿದೆ. ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್. ರೈಲಿಗೆ ಮುಕ್ಕಾಲು ಗಂಟೆ.

ಕಾಂಬೋ ಈಗ 119 ರೂಪಾಯಿ. ಬೆಲೆ ಅವಳೇ ಇಟ್ಟದ್ದು. ವಾರಕ್ಕೆ 90ರ ಆಸುಪಾಸು ಹೋಗುತ್ತಿದೆ, ಹೊಸ ಹುಡುಗ ಬೇಕಾಗಿಲ್ಲ. ನಿನ್ನೆ ಅವಳೇ ಒಂದು ಚೀಟಿ ತಂದು ಗಲ್ಲಾದ ಮೇಲೆ ಇಟ್ಟಳು. ಹನ್ನೊಂದು ಟೇಬಲ್ಲಿನಲ್ಲಿ ಬಾಗಿಲ ಪಕ್ಕದ ಎರಡು ಟೇಬಲ್ ಮಧ್ಯಾಹ್ನ ಮೂರರಿಂದ ಐದರವರೆಗೆ ಯಾಕೆ ಖಾಲಿ ಇರುತ್ತವೆ ಅಂತ ಕೇಳಿದ್ದಾಳೆ. ಆ ಹೊತ್ತಿನಲ್ಲಿ ನಾನು ಅಲ್ಲೇ ಕಾಲು ಚಾಚಿ ಮಲಗುತ್ತೇನೆ. ಇನ್ನೂ ಉತ್ತರ ಕೊಟ್ಟಿಲ್ಲ.