ನಾಲ್ಕು ಕಥೆಗೆ ಸೇರಿಸಿ ಒಂದೇ ಅಂಕ ಹೇಗೆ ಕೊಡ್ತೀರಿ?

ವಾಕಡ್_ಮೂರನೇ_ಮಹಡಿ (ಪುಣೆ):

ನಾವು ಮೂವರು ವಾಕಡ್‌ನಲ್ಲಿ ಒಂದೇ ಫ್ಲ್ಯಾಟ್‌ನಲ್ಲಿದ್ದೇವೆ. ನಾನು ಹಾಸನದವನು, ಒಬ್ಬ ಧಾರವಾಡದವನು, ಇನ್ನೊಬ್ಬ ಸಾತಾರಾದವನು. ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ದೆವ್ವದ ಸಿನಿಮಾ. ಆಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸಿರುವ ಹಾಳೆಯಲ್ಲಿ 10ಕ್ಕೆ ಇಷ್ಟು ಅಂತ ಬರೆಯಬೇಕು. ತುಂಬಾಡ್‌ಗೆ ಮೂವರೂ 9 ಕೊಟ್ಟಿದ್ದೇವೆ, ಅದರಲ್ಲಿ ತಕರಾರಿಲ್ಲ. ಜಗಳ ಶುರುವಾಗಿದ್ದು ಘೋಸ್ಟ್ ಸ್ಟೋರೀಸ್‌ನಿಂದ.

2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಿದ್ದು. ನಾಲ್ಕು ಕಥೆ, ನಾಲ್ಕು ಜನ ನಿರ್ದೇಶಕರು. ದಿಬಾಕರ್ ಬ್ಯಾನರ್ಜಿ ಕಥೆಗೆ ನಾನು 9 ಕೊಟ್ಟೆ. ಊರಿಗೆ ಊರೇ ಮನುಷ್ಯರನ್ನು ತಿನ್ನುತ್ತಿದೆ, ಬದುಕಬೇಕಾದರೆ ಕದಲಬಾರದು, ಮಾತಾಡಬಾರದು. ಜೋಯಾ ಅಖ್ತರ್ ಕಥೆಗೆ 6, ಅದೂ ಆ ಕಾಯಿಲೆ ಮುದುಕಿಯ ಪಾತ್ರದಲ್ಲಿ ಸುರೇಖಾ ಸೀಕ್ರಿ ಇದ್ದಾರೆ ಅಂತ. ಉಳಿದೆರಡಕ್ಕೆ 4 ಮತ್ತು 3. ಧಾರವಾಡದವನು ಕೂಡಿಸಿ ಭಾಗಿಸಿ 5.5 ಅಂತ ಬರೆದುಬಿಟ್ಟ! ನನಗೆ ಮೈ ಉರಿಯಿತು. ಆವತ್ತು ರಾತ್ರಿ ನೀರು ಕುಡಿಯೋಕೆ ಎದ್ದವನು, ಫ್ರಿಜ್ ಗುರ್ ಅಂದಿದ್ದಕ್ಕೆ, ಲೋಟ ಕೈಯಲ್ಲಿ ಹಿಡಿದುಕೊಂಡು ಒಂದು ನಿಮಿಷ ಕದಲದೆ ನಿಂತಿದ್ದೇನೆ. ಅದಕ್ಕೆ 5.5 ಅಂದರೆ ಹೇಗೆ?

ಇನ್ನೊಂದು, ಭ್ರಮಯುಗಂ. ನನ್ನದು 9, ಸಾತಾರಾದವನದು 5. ಅವನು ಅದನ್ನು ನೋಡಿದ್ದು ಭಾನುವಾರ ಬೆಳಿಗ್ಗೆ, ಕಿಟಕಿ ತೆಗೆದು, ಪೋಹೆಗೆ ಈರುಳ್ಳಿ ಹೆಚ್ಚುತ್ತಾ. ಆ ಅಂಕ ಲೆಕ್ಕಕ್ಕೆ ಬರುತ್ತಾ? ನೀವೆಲ್ಲ ಹೇಗೆ ಮಾಡ್ತೀರಿ ಹೇಳಿ. ಮುಂದಿನ ಶನಿವಾರಕ್ಕೆ ಒಂದು ಹೆಸರೂ ಬೇಕು. ಸುಮ್ನೆ ಢಂ ಅಂತ ಸದ್ದು ಮಾಡಿ ಹೆದರಿಸುವಂಥದ್ದು ಬೇಡ.

ಡೊಂಬಿವಲಿ_ಕಿಟಕಿಸೀಟು (ಮುಂಬಯಿ):

ಸರಾಸರಿ ತೆಗೆಯೋದು ಬಿಡಿ ಮಾರಾಯ್ರೆ. ಎಲ್ಲಕ್ಕಿಂತ ಒಳ್ಳೆಯ ಕಥೆಗೆ ಎಷ್ಟೋ ಅದೇ ಒಟ್ಟು ಅಂಕ, ಪಕ್ಕದಲ್ಲಿ ಯಾವುದನ್ನು ಬಿಟ್ಟರೂ ನಡೆಯುತ್ತದೆ ಅಂತ ಬರೆಯಿರಿ. ನಾನು ಗಿಲೆರ್ಮೋ ದೆಲ್ ತೋರೋನ ಕ್ಯಾಬಿನೆಟ್ ಆಫ್ ಕ್ಯೂರಿಯಾಸಿಟೀಸ್ (2022) ನೋಡಿದ್ದು ಪೂರ್ತಿ ಲೋಕಲ್ ರೈಲಿನಲ್ಲಿ. ಎಂಟು ಕಥೆ, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದು ಅಂತ ಲೆಕ್ಕ. ಅದರಲ್ಲಿ ‘ದಿ ಆಟಾಪ್ಸಿ’ಗೆ 9. ಒಬ್ಬ ಮುದಿ ಡಾಕ್ಟರ್, ಒಂದು ಕೋಣೆ, ಗಣಿ ಕಾರ್ಮಿಕರ ಹೆಣಗಳು, ಮಾತೇ ಜಾಸ್ತಿ, ಆದರೂ ಬೆನ್ನು ತಣ್ಣಗಾಗುತ್ತದೆ. ಪಕ್ಕದಲ್ಲಿ ನಿಂತವನೊಬ್ಬ ಠಾಣೆಯಿಂದ ನನ್ನ ಫೋನನ್ನೇ ನೋಡುತ್ತಿದ್ದ. ದಾದರ್‌ನಲ್ಲಿ ಇಳಿಯಲೇಬೇಕಾಯಿತು ಅವನಿಗೆ. ಮಾರನೇ ದಿನ ಅದೇ ಡಬ್ಬಿಯಲ್ಲಿ ಹುಡುಕಿಕೊಂಡು ಬಂದು ‘ಪುಢೇ ಕಾಯ್ ಝಾಲಂ?’ (ಮುಂದೇನಾಯ್ತು?) ಅಂತ ಕೇಳಿದ!

ಭ್ರಮಯುಗಂ ಮಾತ್ರ ಹಗಲು ನೋಡಬಾರದು, ಅದು ನಿಜ. ಕಪ್ಪು-ಬಿಳುಪು ಸಿನಿಮಾ, ಬಹುಪಾಲು ಕತ್ತಲು ಮತ್ತು ಮಳೆ. ಲೋಕಲ್‌ನಲ್ಲಿ ಹಾಕಿದರೆ ಮಮ್ಮೂಟ್ಟಿ ಬದಲು ನನ್ನ ಮುಖವೇ ಕಾಣುತ್ತಿತ್ತು. ಅದೂ ಭಯಾನಕವೇ ಅನ್ನಿ.

ಮೀರಾರೋಡ್_ಅಕ್ಕ (ಮುಂಬಯಿ):

ತಮ್ಮಾ, ನೀವು ಹೆದರಿಕೆಗೆ ಅಂಕ ಕೊಡ್ತಿದ್ದೀರಿ, ಅದಕ್ಕೇ ಜಗಳ. ನಾನು ದೆವ್ವದ ಕಟ್ಟಳೆಗೆ ಕೊಡ್ತೀನಿ. ಪ್ರತಿ ದೆವ್ವಕ್ಕೂ ಒಂದು ಕಟ್ಟಳೆ ಇರುತ್ತದೆ. ತುಂಬಾಡ್‌ನಲ್ಲಿ ಚಿನ್ನ ಇಟ್ಟುಕೊಂಡಿರುವ ಹಸ್ತರನಿಗೆ ಹಿಟ್ಟಿನ ಹಸಿವು, ಭ್ರಮಯುಗಂನಲ್ಲಿ ಪಗಡೆಯಾಟ. ಸಿನಿಮಾ ಕೊನೇವರೆಗೂ ಅದನ್ನು ಬಿಡದೆ ಹಿಡಿದುಕೊಂಡಿದೆಯಾ ನೋಡಿ. ತುಂಬಾಡ್‌ನಲ್ಲಿ ಆ ಚಿನ್ನಕ್ಕೆ ಹೋದ ಅಪ್ಪ-ಮಗನನ್ನು ಮುಳುಗಿಸಿದ್ದೂ ಆ ಹಿಟ್ಟಿನ ಗೊಂಬೆಯೇ ಅಲ್ವಾ, ಆಸೆ ಜಾಸ್ತಿಯಾಗಿ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಕಟ್ಟಳೆ ಮುರಿದು ಬರೀ ಗ್ರಾಫಿಕ್ಸ್ ಓಡಿಸಿದರೆ ನಾನು ಎರಡು ಅಂಕ ಕಡಿಯುತ್ತೇನೆ. ಮುಂಜ್ಯಾಗೆ (2024) ಹಾಗೇ ಮಾಡಿದೆ, ಕೊಂಕಣದ ಮೊದಲ ಭಾಗ ಎಷ್ಟು ಚೆನ್ನಾಗಿತ್ತು!

ಸ್ತ್ರೀ (2018) ನೋಡುವಾಗ ಗಂಡನಿಗೆ ನಗು, ನನಗೆ ಬೇರೆಯೇ. ಗೋಡೆ ಮೇಲೆ ‘ಓ ಸ್ತ್ರೀ ಕಲ್ ಆನಾ’ ಅಂತ ಬರೆಯುತ್ತಾರಲ್ಲ, ಅದು ನಮ್ಮ ಬೆಂಗಳೂರಿನ ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ ನಮ್ಮ ಬೀದಿ ಬಾಗಿಲುಗಳ ಮೇಲೆಲ್ಲ ಇತ್ತು. ಅಮ್ಮ ಸೀಮೆಸುಣ್ಣದಲ್ಲಿ ಬರೆದಿದ್ದಳು. ಮಳೆಗೆ ‘ನಾ’ ಅಳಿಸಿಹೋಗಿ ‘ಳೆ ಬಾ’ ಅಷ್ಟೇ ಉಳಿದಿತ್ತು ಒಂದು ಸಂಜೆ. ಮಿಕ್ಕಿದ್ದೂ ಅಳಿಸಿ ಬರೀ ‘ಬಾ’ ಉಳಿದರೆ ಏನು ಗತಿ ಅಂತ ನಾನು ಅತ್ತಿದ್ದೆ. ಸ್ತ್ರೀಗೆ 8, ಒಂದು ಅಂಕ ತವರಿನ ಮೇಲಿನ ಪ್ರೀತಿಗೆ.

ನಗು ಬೇಕು ಅಂದರೆ ಸು ಫ್ರಮ್ ಸೋ (2025). ಆದರೆ ನಿಮಗೆ ಬೇಕಾಗಿರೋದು ಭೂತಕಾಲಂ (2022). ಭ್ರಮಯುಗಂ ಮಾಡಿದ ರಾಹುಲ್ ಸದಾಶಿವನ್‌ದೇ. ರೇವತಿ ಅಮ್ಮ, ಶೇನ್ ನಿಗಮ್ ಮಗ, ಒಂದು ಬಾಡಿಗೆ ಮನೆ. ಬಾಡಿಗೆ ಮನೆಯಲ್ಲಿ ಇರೋವ್ರಿಗೆ ಹೇಳಿ ಮಾಡಿಸಿದ ಹಾಗಿದೆ.

ಕಲಂಗುಟ್_ನೈಟ್‌ಶಿಫ್ಟ್ (ಗೋವಾ):

ಅಕ್ಕಾ, ಕಟ್ಟಳೆ ಸರಿ, ಆದರೆ ಎಲ್ಲಿ ಕೂತು ನೋಡಿದೆವು ಅನ್ನೋದನ್ನು ಬಿಡೋಕಾಗಲ್ಲ. ನಾನು ಹಾವೇರಿಯವನು, ಇಲ್ಲಿ ಒಂದು ಹೋಟೆಲ್‌ನ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿ. ಖೌಫ್ (2025) ಎಂಟೂ ಕಂತು ಕೌಂಟರ್ ಹಿಂದೆ ಕೂತೇ ನೋಡಿದ್ದು. ದೆಹಲಿಯ ಲೇಡೀಸ್ ಹಾಸ್ಟೆಲ್ ಕಥೆ. ಅದರಲ್ಲಿ ದೆವ್ವಕ್ಕಿಂತ ಗಂಡಸರೇ ಜಾಸ್ತಿ ಹೆದರಿಸುತ್ತಾರೆ.

ಜೂನ್ ತಿಂಗಳು, ಜೋರು ಮಳೆ, ಗಿರಾಕಿ ಇಲ್ಲ. ನಮ್ಮ ಲಿಫ್ಟ್ ಖಾಲಿ ನಿಂತರೆ ಸ್ವಲ್ಪ ಹೊತ್ತಿಗೆ ತಾನೇ ಕೆಳಗೆ ಬರುತ್ತದೆ, ಹಾಗೆ ಸೆಟ್ ಮಾಡಿದ್ದಾರೆ. ಗೊತ್ತಿದ್ದೂ, ರಾತ್ರಿ ಎರಡೂವರೆಗೆ ಅದು ಟಿಂಗ್ ಅಂತ ಬಾಗಿಲು ತೆಗೆದಾಗ ನಾನು ‘ಗುಡ್ ಈವ್ನಿಂಗ್ ಸರ್’ ಅಂದುಬಿಟ್ಟೆ. ಒಳಗೆ ಯಾರೂ ಇಲ್ಲ. ಅದಕ್ಕೇ ಎರಡು ಅಂಕ ಹಾಕ್ತೀನಿ, ಕಥೆಗೆ ಒಂದು, ಆ ರಾತ್ರಿಗೆ ಒಂದು. ಖೌಫ್‌ಗೆ 7 ಮತ್ತು 10.

ವಾಕಡ್_ಮೂರನೇ_ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ಹಾಳೆಯಲ್ಲಿ ಈಗ ಎರಡು ಕಾಲಂ ಎಳೆದಿದ್ದೇನೆ. ಘೋಸ್ಟ್ ಸ್ಟೋರೀಸ್ ಮುಂದೆ 9, ಕೆಳಗೆ ಸಣ್ಣಕ್ಷರದಲ್ಲಿ ‘ಎರಡು ಕಥೆ ಬಿಟ್ಟರೂ ನಡೆಯುತ್ತದೆ’ ಅಂತ. ಧಾರವಾಡದವನು ಇನ್ನೂ ಗೊಣಗುತ್ತಿದ್ದಾನೆ.

ಶನಿವಾರ ಭೂತಕಾಲಂ ಗ್ಯಾರಂಟಿ. ನಿನ್ನೆ ರಾತ್ರಿ ಲೈಟ್ ಆರಿಸಿ ಸಾತಾರಾದವನಿಗೆ ಭ್ರಮಯುಗಂ ಇನ್ನೊಮ್ಮೆ ಹಾಕಿದೆವು. ಈಗಲೂ ಐದೇ ಅಂತಾನೆ. ಆದರೆ ಹಾಸಿಗೆ ಎತ್ತಿಕೊಂಡು ಬಂದು ನಮ್ಮ ರೂಮಿನಲ್ಲಿ ಮಲಗಿದ್ದಾನೆ.