ಮಗಳು ಮನೆಯಲ್ಲಿ ಒಂದು ಕನ್ನಡ, ಶಾಲೆಯಲ್ಲಿ ಇನ್ನೊಂದು ಕನ್ನಡ ಆಡುತ್ತಿದ್ದಾಳೆ. ತಡೆಯಬೇಕೆ, ಬಿಡಬೇಕೆ?

ಮಾಳಮಡ್ಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು. ನನ್ನ ಪತಿಗೆ ವರ್ಗಾವಣೆಯಾದ ಕಾರಣ ಕಳೆದ ಜೂನ್ ತಿಂಗಳಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ್ದೇವೆ. ಮಗಳಿಗೆ 14 ವರ್ಷ, ಒಂಬತ್ತನೆಯ ತರಗತಿ. ಊರಿನಲ್ಲಿ ಅವಳಿಗೆ ಒಂದನೆಯ ತರಗತಿಯಿಂದಲೂ ಜೊತೆಗೇ ಬೆಳೆದ ಗೆಳತಿಯರಿದ್ದರು. ಇಲ್ಲಿಯ ತರಗತಿಯಲ್ಲಾದರೋ ಯಾರ ಪಕ್ಕದಲ್ಲಿ ಯಾರು ಕೂರಬೇಕು, ಯಾರ ಡಬ್ಬಿಗೆ ಯಾರು ಕೈಹಾಕಬಹುದು ಎಂಬುದೆಲ್ಲ ಇವಳು ಬರುವ ಎಷ್ಟೋ ವರ್ಷ ಮೊದಲೇ ತೀರ್ಮಾನವಾಗಿಹೋಗಿತ್ತು.

ಮೊದಲ ದಿನ ಅವಳು ಬಾಗಿಲಲ್ಲಿ ನಿಂತು, ‘ಮಿಸ್, ನಾ ಎಲ್ಲಿ ಕುಂದ್ರಲಿ?’ ಎಂದು ಕೇಳಿದಳಂತೆ. ತರಗತಿಯೇ ನಕ್ಕಿತು. ಅಂದಿನಿಂದ ಎರಡು ತಿಂಗಳು ಅವಳ ಹೆಸರೇ ‘ಕುಂದ್ರಲಿ’ ಆಯಿತು. ಇದನ್ನು ಅವಳು ನನಗೆ ಹೇಳಲಿಲ್ಲ, ತಮ್ಮನೊಡನೆ ಜಗಳವಾಡುವಾಗ ಅವನ ಬಾಯಿಂದ ಹೊರಬಿತ್ತು.

ದಸರೆಯ ಹೊತ್ತಿಗೆ ಅವಳ ಮಾತು ಪೂರ್ತಿ ಬದಲಾಗಿತ್ತು. ‘ಭಾಳ’ ಹೋಗಿ ‘ತುಂಬಾ’ ಬಂತು, ‘ಚಲೋ’ ಹೋಗಿ ‘ಚೆನ್ನಾಗಿ’ ಬಂತು, ‘ಲಗೂನ’ ಎನ್ನುತ್ತಿದ್ದವಳು ‘ಬೇಗ’ ಎನ್ನತೊಡಗಿದಳು. ಅವಳು ಫೋನಿನಲ್ಲಿ ಮಾತನಾಡುವಾಗ ಪಕ್ಕದ ಕೋಣೆಯಲ್ಲಿ ನನಗೆ ಗುರುತಿಲ್ಲದ ಯಾವುದೋ ಹುಡುಗಿ ಕುಳಿತಿದ್ದಾಳೆ ಎನಿಸುತ್ತದೆ. ನನ್ನೊಡನೆ ಇರುವಾಗ ನಾನು ‘ಅವ್ವ’, ಗೆಳತಿಯರು ಫೋನಿನಲ್ಲಿದ್ದರೆ ‘ಅಮ್ಮ’. ಪಾಲಕರ ಸಭೆಗೆ ಹೊರಟಾಗ ಆಟೋದಲ್ಲಿ ಮೆಲ್ಲಗೆ, ‘ಅವ್ವಾ, ಅಲ್ಲಿ ನೀ ಭಾಳ ಮಾತಾಡಬ್ಯಾಡ’ ಎಂದಳು. ನಾನು ಅಲ್ಲಿ ತಲೆಯಾಡಿಸಿಕೊಂಡೇ ಇದ್ದೆ. ಈ ತಾಯಿಗೆ ಮಗಳ ಓದಿನಲ್ಲಿ ಆಸಕ್ತಿಯಿಲ್ಲವೆಂದು ಶಿಕ್ಷಕರು ಭಾವಿಸಿದ್ದರೂ ಆಶ್ಚರ್ಯವಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ಬೇಡವಾಗಿವೆ, ದಿನವೂ ಚಿತ್ರಾನ್ನವಾದರೂ ಆದೀತು.

ಇಷ್ಟನ್ನು ನಾನು ನುಂಗಿಕೊಳ್ಳಬಲ್ಲೆ. ಆದರೆ ಮೊನ್ನೆ ನಡೆದದ್ದು ನನ್ನ ನಿದ್ದೆ ಕೆಡಿಸಿದೆ. ತರಗತಿಯ ಐವರು ಹುಡುಗಿಯರದು ಒಂದು ಗುಂಪು ಇದೆ. ಅವರ ವಾಟ್ಸಾಪ್ ಗುಂಪಿಗೆ ತನ್ನನ್ನು ಸೇರಿಸಿಕೊಂಡ ದಿನ ಇವಳು ಸಂತೋಷದಲ್ಲಿ ಊಟವನ್ನೇ ಮರೆತಿದ್ದಳು. ಅವರಲ್ಲಿ ಮೂವರು ಮನೆಗೆ ಬಂದಿದ್ದರು. ಒಳಗಿನಿಂದ ‘ಏ, ನಿಮ್ಮೂರ್ ಥರ ಮಾತಾಡೇ’ ಎಂಬ ಧ್ವನಿ ಕೇಳಿಸಿತು. ಇವಳು ಮಾತಾಡಿದಳು. ಅದು ನಮ್ಮ ಮಾತೂ ಆಗಿರಲಿಲ್ಲ, ಸಿನಿಮಾದಲ್ಲಿ ನಗಿಸಲೆಂದು ತರುವ ಹಳ್ಳಿಯವನ ಮಾತಿನಂತಿತ್ತು, ಅದರಲ್ಲೂ ಅರ್ಧ ನನ್ನ ಅತ್ತೆಯವರ ಧಾಟಿ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಇವಳೇ ನಕ್ಕಳು. ನಾನು ಚಹಾದ ತಟ್ಟೆ ಹಿಡಿದು ಬಾಗಿಲ ಹೊರಗೇ ನಿಂತಿದ್ದೆ.

ಇದನ್ನು ವಯಸ್ಸಿನ ಸಹಜ ಹಂಬಲವೆಂದು ಬಿಡಬೇಕೆ, ಶಾಲೆಗೆ ತಿಳಿಸಬೇಕೆ, ಮನೆಯಲ್ಲಿ ಕೂರಿಸಿಕೊಂಡು ಮಾತನಾಡಬೇಕೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೇಹುಬ್ಬಳ್ಳಿ:

ತಂಗೀ, ಓದಿ ಸಿಟ್ಟು ಬಂತು. ಕನ್ನಡಕ್ಕಾಗಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದು ನಿಮ್ಮ ಧಾರವಾಡದಲ್ಲಿ. 1956ರ ನವೆಂಬರ್ 1ರವರೆಗೆ ನಮ್ಮ ಭಾಗವು ಮುಂಬಯಿ ರಾಜ್ಯಕ್ಕೆ ಸೇರಿದ್ದರೂ ಮರಾಠಿಯ ಒತ್ತಿನ ನಡುವೆ ಕನ್ನಡವನ್ನು ಉಳಿಸಿಕೊಂಡವರು ನಮ್ಮ ಹಿರಿಯರು. ಧಾರವಾಡದ ಆಡುಮಾತಿನಲ್ಲಿ ಬರೆದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು. ಅಂಥ ಮಾತಿಗೆ ನಗುವವರ ಮುಂದೆ ನಮ್ಮ ಹುಡುಗಿ ತಲೆ ತಗ್ಗಿಸಬೇಕೇ? ನಾಳೆಯೇ ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಡಿ, ಮನೆಯಲ್ಲಿ ನಮ್ಮ ಮಾತನ್ನು ಬಿಟ್ಟು ಬೇರೆ ಮಾತು ಆಡಕೂಡದೆಂದು ಕಟ್ಟುನಿಟ್ಟಾಗಿ ಹೇಳಿ.

ಕುಂದಾಪುರದವಳು:

ಹುಬ್ಬಳ್ಳಿಯ ಹಿರಿಯರ ಅಭಿಮಾನಕ್ಕೆ ಗೌರವವಿದೆ, ಆದರೆ ಸಲಹೆಯನ್ನು ಒಪ್ಪಲಾರೆ. ಊಟದ ಬಿಡುವಿನಲ್ಲಿ ಒಬ್ಬಂಟಿಯಾಗಿ ಡಬ್ಬಿ ತೆರೆಯುವ ಹುಡುಗಿಗೆ ಜ್ಞಾನಪೀಠ ಒತ್ತಾಸೆಯಾಗುವುದಿಲ್ಲ.

ನಾನು ಪಿಯುಸಿ ಓದಲು ಮೈಸೂರಿನ ಹಾಸ್ಟೆಲ್ ಸೇರಿದವಳು. ನಮ್ಮ ಕಡೆಯ ಕನ್ನಡ ಘಟ್ಟದ ಮೇಲಿನವರಿಗೆ ಎಷ್ಟು ವಿಚಿತ್ರವಾಗಿ ಕೇಳಿಸುತ್ತದೆ ಎಂಬುದು ಅಲ್ಲಿಗೆ ಹೋಗುವವರೆಗೆ ನನಗೆ ತಿಳಿದಿರಲಿಲ್ಲ. ನಾನೊಮ್ಮೆ ಯಾರನ್ನೋ ‘ಹ್ವಾಯ್’ ಎಂದು ಕರೆದದ್ದೇ ಸಾಕಾಯಿತು. ಮೂರು ತಿಂಗಳಲ್ಲಿ ನಾನೂ ನಿಮ್ಮ ಮಗಳಂತೆ ಮಾತು ಬದಲಿಸಿದೆ, ನಿಮ್ಮ ಮಗಳಂತೆಯೇ ಕೇಳಿದಾಗಲೆಲ್ಲ ‘ಊರ ಮಾತು’ ಆಡಿ ತೋರಿಸುತ್ತಿದ್ದೆ. ಮೊದಮೊದಲು ಅದರಲ್ಲಿ ನಿಜವಾದ ಸಂತೋಷವೇ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಯಾರೂ ಮಾತನಾಡಿಸದ ಹದಿನೈದು ದಿನಗಳನ್ನು ಕಳೆದವಳಿಗೆ, ಹತ್ತು ಜನ ತನ್ನ ಸುತ್ತ ಕುಳಿತು ನಗುವುದು ಅವಮಾನವೆಂದು ತೋರುವುದಿಲ್ಲ. ಕೊನೆಗೂ ತನ್ನ ಹೆಸರು ಇವರಿಗೆ ಗೊತ್ತಾಯಿತಲ್ಲ ಎನಿಸುತ್ತದೆ.

ಒಂದು ಸಂಜೆ ಅವರೆಲ್ಲ ಬಳೆ ಕೊಳ್ಳಲು ದೇವರಾಜ ಮಾರುಕಟ್ಟೆಗೆ ಹೋಗಿ ಬಂದರು. ನನ್ನನ್ನು ಕರೆದಿರಲಿಲ್ಲ. ಹಿಂದಿರುಗಿದ ಮೇಲೆ, ಬೇಸರವಾಗಿದೆ, ಏನಾದರೂ ಮಾಡಿ ತೋರಿಸು ಎಂದು ಕರೆದರು. ಆಗ ನನಗೆ ಲೆಕ್ಕ ಸಿಕ್ಕಿತು. ಆದ್ದರಿಂದ ನೀವು ಗಮನಿಸಬೇಕಾದದ್ದು ಅವಳು ಯಾವ ಕನ್ನಡ ಆಡುತ್ತಾಳೆ ಎಂಬುದನ್ನಲ್ಲ. ನಗಿಸುವ ಕೆಲಸ ಇಲ್ಲದ ಹೊತ್ತಿನಲ್ಲೂ ಆ ಹುಡುಗಿಯರು ಅವಳನ್ನು ಕರೆಯುತ್ತಾರೆಯೆ? ಜ್ವರ ಬಂದು ಎರಡು ದಿನ ಶಾಲೆ ತಪ್ಪಿದರೆ ಯಾರಾದರೂ ನೋಟ್ಸ್ ಕಳಿಸುತ್ತಾರೆಯೆ? ಕಳಿಸುತ್ತಾರಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ನನ್ನನ್ನು ಉಳಿಸಿದ್ದು ಎರಡು ಸಂಗತಿಗಳು. ಹಾಸ್ಟೆಲಿನ ಅಡುಗೆಯವರಲ್ಲಿ ಬೈಂದೂರು ಕಡೆಯ ಒಬ್ಬ ಹೆಂಗಸಿದ್ದರು, ತೆಂಗಿನಕಾಯಿ ತುರಿಯುತ್ತಾ ಅವರೊಡನೆ ನಮ್ಮ ಮಾತಿನಲ್ಲಿ ಹರಟೆ ಹೊಡೆಯುತ್ತಿದ್ದೆ. ಇನ್ನೊಂದು, ನಮ್ಮ ಅಪ್ಪಯ್ಯ. ಭಾನುವಾರದ ಫೋನಿನಲ್ಲಿ ನಾನು ಮೈಸೂರು ಕನ್ನಡದಲ್ಲಿ ಮಾತನಾಡಿದರೂ ಅವರು ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ. ತಮ್ಮ ಮಾತಿನಲ್ಲೇ, ಏನೂ ಆಗದವರಂತೆ, ಹಸು ಕರು ಹಾಕಿದ ಸುದ್ದಿ ಹೇಳುತ್ತಿದ್ದರು.

ಭಾಷಾವಿದ್ಯಾರ್ಥಿ:

ನಾನು ಭಾಷಾಶಾಸ್ತ್ರ ಓದುತ್ತಿರುವವನು, ಮಕ್ಕಳನ್ನು ಬೆಳೆಸಿದ ಅನುಭವ ನನಗಿಲ್ಲ. ಆದರೂ ತಾಯಿಗೆ ಸಮಾಧಾನ ತರಬಹುದಾದ ಕೆಲವು ವಿಷಯಗಳನ್ನು ಹೇಳಬಲ್ಲೆ. ಹದಿಹರೆಯದ ಮಕ್ಕಳು ತಂದೆತಾಯಿಯರಂತೆ ಮಾತನಾಡುವುದಕ್ಕಿಂತ ಹೆಚ್ಚಾಗಿ ಓರಗೆಯವರಂತೆ ಮಾತನಾಡುತ್ತಾರೆ. ಪೆನೆಲೊಪಿ ಎಕರ್ಟ್ ಎಂಬ ಅಮೆರಿಕದ ವಿದ್ವಾಂಸೆ 1980ರ ದಶಕದ ಆರಂಭದಲ್ಲಿ ಡೆಟ್ರಾಯಿಟ್ ನಗರದ ಹೊರವಲಯದ ಹೈಸ್ಕೂಲೊಂದರಲ್ಲಿ ವಿದ್ಯಾರ್ಥಿಗಳ ನಡುವೆ ಇದ್ದುಕೊಂಡು ಅವರ ಉಚ್ಚಾರಣೆಯನ್ನು ದಾಖಲಿಸಿದರು. ಹುಡುಗಿಯರೂ ಹುಡುಗರೂ ಸ್ವರಗಳನ್ನು ಹೇಗೆ ಉಚ್ಚರಿಸುತ್ತಾರೆ ಎಂಬುದಕ್ಕೆ ಅವರ ತಂದೆತಾಯಿಯರ ಸ್ಥಾನಮಾನಕ್ಕಿಂತ, ಅವರು ಶಾಲೆಯ ಚಟುವಟಿಕೆಗಳಲ್ಲಿ ಮುಂದಿರುವ ಗುಂಪಿನವರೋ ಶಾಲೆಯನ್ನು ಲೆಕ್ಕಿಸದ ಗುಂಪಿನವರೋ ಎಂಬುದೇ ಹೆಚ್ಚು ಒಪ್ಪುವ ವಿವರಣೆಯಾಗಿತ್ತು. ಅಂದರೆ ನಿಮ್ಮ ಮಗಳು ‘ತುಂಬಾ’ ಎಂದಾಗ ನಿಮ್ಮನ್ನು ತಳ್ಳುತ್ತಿಲ್ಲ. ಅವಳ ಗಮನ ಆಗ ನಿಮ್ಮ ಕಡೆಗೆ ಇರುವುದೇ ಇಲ್ಲ.

ಹೊರಗುಳಿಯುವುದಕ್ಕೆ ಅವಳು ಇಷ್ಟು ಹೆದರುವುದೇಕೆ ಎಂಬುದಕ್ಕೂ ಪ್ರಯೋಗಗಳಿವೆ. ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುವ ಸರಳ ಆಟ. ನಾಲ್ಕಾರು ಎಸೆತಗಳ ನಂತರ ಉಳಿದಿಬ್ಬರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ, ನಿಮಗೆ ಚೆಂಡು ಬರುವುದಿಲ್ಲ. ಅಷ್ಟಕ್ಕೇ ಜನರ ಮನಸ್ಸು ಕುಗ್ಗುತ್ತದೆ. ಎದುರಿಗಿರುವುದು ಬರೀ ಯಂತ್ರವೆಂದು ಮೊದಲೇ ತಿಳಿಸಿದ್ದರೂ ಕುಗ್ಗುತ್ತದೆ. ಇದೇ ಆಟವನ್ನು ಹದಿಹರೆಯದ ಹುಡುಗಿಯರಿಗೂ ವಯಸ್ಕ ಮಹಿಳೆಯರಿಗೂ ಆಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಡುಗಿಯರ ಮನಸ್ಸು ಹೆಚ್ಚು ಕೆಳಗಿಳಿದದ್ದು ಕಂಡುಬಂತು. ಹಾಗಾಗಿ ‘ಅವರನ್ನು ಲೆಕ್ಕಿಸಬೇಡ’ ಎಂಬ ಉಪದೇಶ ಆ ವಯಸ್ಸಿಗೆ ತಲುಪುವುದು ಕಷ್ಟ.

ಅವಳು ಕಲಿತಿರುವುದು ಎರಡನೆಯ ಕನ್ನಡವನ್ನು, ಮೊದಲನೆಯದನ್ನು ಮರೆತಿಲ್ಲ. ಅತ್ತೆಯವರ ಧಾಟಿಯನ್ನು ಅಷ್ಟು ಚೆನ್ನಾಗಿ ಹಿಡಿಯಬಲ್ಲವಳ ಕಿವಿ ಚುರುಕಾಗಿಯೇ ಇರಬೇಕು. (ಅಂದಹಾಗೆ, ಧಾರವಾಡದ ಮಾತನ್ನು ಕಾವ್ಯಕ್ಕೆ ಏರಿಸಿದ ಬೇಂದ್ರೆಯವರ ಮನೆಮಾತು ಮರಾಠಿ. ಹಿರಿಯರು ಬೇಸರಿಸಬಾರದು.)

ಪ್ರೌಢಶಾಲೆಯ ಶಿಕ್ಷಕಿ:

ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಲಿಖಿತ ದೂರಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಇಂಥದೇ ದೂರು ಬಂದಾಗ ನಾನೊಮ್ಮೆ ಆ ಹುಡುಗಿಯ ಎದುರಿನಲ್ಲೇ ಇಡೀ ತರಗತಿಗೆ ಅರ್ಧ ಗಂಟೆ ಬುದ್ಧಿ ಹೇಳಿದೆ, ಎಲ್ಲ ಕನ್ನಡವೂ ಒಂದೇ ಎಂದು ಭಾಷಣ ಮಾಡಿದೆ. ಮರುದಿನದಿಂದ ಅವಳನ್ನು ಯಾರೂ ಅಣಕಿಸಲಿಲ್ಲ, ಯಾರೂ ಮಾತನಾಡಿಸಲೂ ಇಲ್ಲ. ಆ ತಪ್ಪು ನನ್ನದು.

ಈಗ ಬೇರೆ ದಾರಿ ಹಿಡಿದಿದ್ದೇನೆ. ಹೊಸಬರನ್ನು ದೊಡ್ಡ ಗುಂಪಿಗೆ ನೂಕುವ ಬದಲು ಯೋಜನಾ ಕಾರ್ಯಕ್ಕೋ ಪ್ರಯೋಗಾಲಯಕ್ಕೋ ಒಬ್ಬಳ ಜೊತೆ ಹಾಕುತ್ತೇನೆ. ಐವರ ಗುಂಪಿನೊಳಗೆ ನುಗ್ಗಲು ವೇಷ ಹಾಕಬೇಕಾಗುತ್ತದೆ, ಒಬ್ಬಳ ಪಕ್ಕದಲ್ಲಿ ಕುಳಿತು ಚಾರ್ಟ್ ಬರೆಯುವುದಕ್ಕೆ ಬೇಕಾಗುವುದಿಲ್ಲ. ನೀವು ತರಗತಿ ಶಿಕ್ಷಕಿಯನ್ನು ಖಾಸಗಿಯಾಗಿ ಕಂಡು ಇಷ್ಟನ್ನೇ ಕೇಳಿಕೊಳ್ಳಿ. ಯಾರ ಹೆಸರನ್ನೂ ಹೇಳಬೇಡಿ, ಮಗಳಿಗೆ ಗೊತ್ತಾಗದಂತೆಯೂ ಮಾಡಬೇಡಿ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. 2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ನಿಮ್ಮ ಮಗಳ ಮಾತಿಗೆ ನಕ್ಕವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ತೆಲುಗು, ತಮಿಳು, ಉರ್ದು ಇರಬಹುದೆಂದು ಯೋಚಿಸಿ. ನನ್ನ ತರಗತಿಯಲ್ಲಿ ಹೊಸಬಳನ್ನು ಎಲ್ಲರಿಗಿಂತ ಹೆಚ್ಚು ಕಾಡಿದ ಹುಡುಗಿ, ಎರಡು ವರ್ಷ ಹಿಂದೆ ಅಲ್ಪಪ್ರಾಣ ಮಹಾಪ್ರಾಣ ಬೆರೆಸಿ ಓದಿದ್ದಕ್ಕೆ ಇದೇ ಬೆಂಚುಗಳ ನಗೆಗೆ ಗುರಿಯಾಗಿದ್ದವಳು. ತನ್ನ ಜಾಗ ಇನ್ನೂ ಗಟ್ಟಿಯಿಲ್ಲವೆಂದು ತಿಳಿದವರೇ ಹೊಸಬರನ್ನು ಹೆಚ್ಚು ತಳ್ಳುತ್ತಾರೆ.

ಅವಳು ಶಾಲೆಗೆ ಹೋಗಲು ಒಲ್ಲೆನೆನ್ನುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಯಾರೊಡನೆಯೂ ಮಾತಾಡದೆ ಕೋಣೆ ಸೇರುತ್ತಿದ್ದರೆ ಕಾಯಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನೀವು ಬರೆದುದನ್ನು ನೋಡಿದರೆ ಸದ್ಯಕ್ಕೆ ಅಂಥ ಸ್ಥಿತಿ ಕಾಣುತ್ತಿಲ್ಲ.

ಹಳೇಹುಬ್ಬಳ್ಳಿ:

ಬೇಂದ್ರೆಯವರ ಮನೆಮಾತು ಮರಾಠಿ ಎಂಬುದು ನನಗೆ ಗೊತ್ತಿದೆ, ವಿದ್ಯಾರ್ಥಿಗಳೇ. ದೂರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ರೊಟ್ಟಿಯ ವಿಷಯದಲ್ಲಿ ತಾಯಿ ಸೋಲಬಾರದು.

ಮಾಳಮಡ್ಡಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ಕುಂದಾಪುರದ ಸಹೋದರಿ ಹೇಳಿದ ಪರೀಕ್ಷೆ ತಾನಾಗಿಯೇ ನಡೆಯಿತು. ಮಗಳಿಗೆ ಜ್ವರ ಬಂದು ನಾಲ್ಕು ದಿನ ಮನೆಯಲ್ಲಿದ್ದಳು. ಐವರ ಗುಂಪಿನಲ್ಲಿ ದಿನಕ್ಕೆ ನೂರಾರು ಸಂದೇಶಗಳು ಬರುತ್ತಿದ್ದವು, ಇವಳನ್ನು ಕುರಿತು ಒಂದೂ ಇರಲಿಲ್ಲ. ನಾನು ಏನನ್ನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ, ಆದರೆ ಫೋನನ್ನು ಮಗುಚಿ ಇಟ್ಟದ್ದನ್ನು ನೋಡಿದೆ. ಮೂರನೆಯ ದಿನ ವಿಜ್ಞಾನದ ನೋಟ್ಸ್‌ನ ಚಿತ್ರಗಳನ್ನು ಕಳಿಸಿದ್ದು ಆ ಐವರಲ್ಲಿ ಯಾರೂ ಅಲ್ಲದ, ಹಿಂದಿನ ಬೆಂಚಿನ ಒಬ್ಬ ಹುಡುಗಿ. ಅವಳ ಮನೆಯಲ್ಲಿ ತೆಲುಗು.

ಆ ಹುಡುಗಿ ಕಳೆದ ಭಾನುವಾರ ಮನೆಗೆ ಬಂದಿದ್ದಳು. ರೊಟ್ಟಿಯನ್ನು ಹಪ್ಪಳದಂತೆ ಮುರಿದು ತಿಂದು, ಇನ್ನೊಂದು ಕೇಳಿದಳು (ಹುಬ್ಬಳ್ಳಿಯ ಅಣ್ಣನವರ ಗಮನಕ್ಕೆ). ಮಗಳು ಅವಳೆದುರು ನನ್ನನ್ನು ಎರಡು ಸಲ ಅಮ್ಮ ಎಂದಳು, ಒಂದು ಸಲ ಅವ್ವ ಎಂದಳು. ಹಳೆಯ ಗುಂಪನ್ನೂ ಅವಳು ಬಿಟ್ಟಿಲ್ಲ. ಅವರಲ್ಲೊಬ್ಬಳ ಹುಟ್ಟುಹಬ್ಬಕ್ಕೆ ಕರೆ ಬರುತ್ತದೆಯೇ ಎಂದು ಈಗಲೂ ಕಾಯುತ್ತಿದ್ದಾಳೆ, ಅದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪಾಲಕರ ಸಭೆ ಈ ಶನಿವಾರ ಇದೆ. ನಾನು ಅಲ್ಲಿ ಮಾತನಾಡಬಹುದೇ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: ‘ಸೈನ್ಸ್ ಮಿಸ್ ಹತ್ರ ಮಾತಾಡು. ಮ್ಯಾಥ್ಸ್ ಸರ್ ಹತ್ರ ಬ್ಯಾಡ.’